ಬಿಸಿ ಎಣ್ಣೆಯಲ್ಲಿ ಅಡಗಿದ ನೀರು

ಮಳೆಗಾಲ ಮುಗಿದು ಕಾಫಿ ಹಣ್ಣಾಗುವ ಹೊತ್ತಿಗೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ರಸ್ತೆಗೆ ಡಾಂಬರು ಹಾಕುವ ಕೆಲಸವೂ ಶುರುವಾಗುತ್ತದೆ. ಗುಂಡಿಗಳ ಬಗ್ಗೆ ಮಲೆನಾಡಿನ ಓದುಗರಿಗೆ ಹೇಳಬೇಕಾದ್ದಿಲ್ಲ. ಹಾಟ್ ಮಿಕ್ಸ್ ಘಟಕಗಳಲ್ಲಿ ಡಾಂಬರಿನ ಟ್ಯಾಂಕಿಗೆ ನೇರವಾಗಿ ಬೆಂಕಿ ಕೊಡುವ ಬದಲು, ಅದರೊಳಗಿನ ಸುರುಳಿ ಕೊಳವೆಗಳಲ್ಲಿ ಬಿಸಿ ಎಣ್ಣೆ ಹರಿಸುವ ಏರ್ಪಾಡು ಸಾಮಾನ್ಯ. ನಾಲ್ಕೈದು ತಿಂಗಳು ತಣ್ಣಗಿದ್ದ ಈ ಕಾಯಿಸುವ ಯಂತ್ರಕ್ಕೆ ಮತ್ತೆ ಬೆಂಕಿ ಹಾಕುವ ದಿನವೇ ಹೆಚ್ಚು ಎಚ್ಚರ ಬೇಕಾದ ದಿನ.

ಎಣ್ಣೆಯೇ ಏಕೆ? ನೀರನ್ನು 200° ಸೆ. ತಾಪದಲ್ಲಿ ದ್ರವವಾಗಿಯೇ ಇಡಲು ವಾಯುಮಂಡಲದ ಒತ್ತಡದ ಸುಮಾರು 15 ಪಟ್ಟು ಒತ್ತಡ ಬೇಕು. ತಕ್ಕ ಖನಿಜ ತೈಲಕ್ಕೆ ಆ ತಾಪದಲ್ಲಿ ಅಂಥ ಒತ್ತಡ ಬೇಕಿಲ್ಲ. ಹಾಗಾಗಿ ಎಣ್ಣೆಯ ಮೇಲ್ತೊಟ್ಟಿ ಹಲವೆಡೆ ಗಾಳಿಗೆ ತೆರೆದೇ ಇರುತ್ತದೆ. ಅನುಕೂಲವೂ ಅದೇ, ತೊಂದರೆಯ ಮೂಲವೂ ಅದೇ. ಹಗಲು ಎಣ್ಣೆ ಹಿಗ್ಗಿ ತೊಟ್ಟಿಯ ಗಾಳಿಯನ್ನು ಹೊರದೂಡುತ್ತದೆ. ರಾತ್ರಿ ಕುಗ್ಗಿದಾಗ ಮಳೆಗಾಲದ ತೇವದ ಗಾಳಿ ಒಳಬರುತ್ತದೆ. ಅದರ ಆವಿ ತಣ್ಣನೆಯ ಗೋಡೆಯ ಮೇಲೆ ಹನಿಗಟ್ಟಿ, ಎಣ್ಣೆಗಿಂತ ಭಾರವಾದ್ದರಿಂದ ತಳಕ್ಕಿಳಿದು ಕೊಳವೆಗಳ ತಗ್ಗಿನಲ್ಲಿ ನಿಲ್ಲುತ್ತದೆ.

ಒಗ್ಗರಣೆಗೆ ಹಸಿ ಕರಿಬೇವು ಬಿದ್ದಾಗ ಚಟಪಟ ಸಿಡಿಯುವುದನ್ನು ಎಲ್ಲರೂ ಕಂಡಿದ್ದೇವೆ. ಇಲ್ಲಿಯೂ ನಡೆಯುವುದು ಅದೇ, ಪ್ರಮಾಣ ಮಾತ್ರ ಬೇರೆ. 2,000 ಲೀಟರ್ ಎಣ್ಣೆಯಲ್ಲಿ ನೂರಕ್ಕೆ ಅರ್ಧ ಭಾಗ ನೀರಿದ್ದರೆ ಅದು 10 ಲೀಟರ್. ಒಂದು ಲೀಟರ್ ನೀರು ಸುಮಾರು 1,700 ಲೀಟರ್ ಆವಿಯಾಗುತ್ತದೆ. ಒತ್ತಡ ಕಡಿಮೆಯಿರುವ ಗುಡ್ಡದ ಮೇಲೆ ಇನ್ನೂ ಹೆಚ್ಚು. (1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ ನೀರು ಸುಮಾರು 93–94° ಸೆ.ನಲ್ಲೇ ಕುದಿಯುತ್ತದೆ. ತರಗತಿಗೆ ಒಳ್ಳೆಯ ಲೆಕ್ಕ.) ಅಷ್ಟು ಆವಿ ಒಮ್ಮೆಲೇ ಹುಟ್ಟಿದರೆ ಎಣ್ಣೆ ಮೇಲ್ತೊಟ್ಟಿಯಿಂದ ಉಕ್ಕಿ, ಬಿಸಿ ಒಲೆಯ ಮೇಲೆ ಬೀಳಬಹುದು.

ಎರಡನೆಯ ಅಪಾಯ ಕಣ್ಣಿಗೆ ಕಾಣದು. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಎಣ್ಣೆಯ ಸ್ನಿಗ್ಧತೆ 200° ಸೆ.ನಲ್ಲಿ ಇರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಮಂದವಾದ ಎಣ್ಣೆ ಸುಳಿಯಿಲ್ಲದೆ ಪದರಪದರವಾಗಿ ಹರಿಯುತ್ತದೆ. ಕೊಳವೆಯ ಗೋಡೆಗಂಟಿದ ಪದರ ಅಲ್ಲೇ ಉಳಿದು ಕಾಯುತ್ತದೆ. ಗೋಡೆಯ ಪ್ರತಿ ಚದರ ಮೀಟರಿಗೆ 20 ಕಿಲೋವಾಟ್ ಉಷ್ಣ ಬರುತ್ತಿದೆ ಎನ್ನಿ. ಸುಳಿಹರಿವಿನಲ್ಲಿ ಉಷ್ಣ ವರ್ಗಾವಣೆ ಗುಣಾಂಕ 1,000 ಇದ್ದರೆ ಗೋಡೆ ಎಣ್ಣೆಗಿಂತ 20° ಮಾತ್ರ ಬಿಸಿ. ಪದರಹರಿವಿನಲ್ಲಿ ಅದು 100ಕ್ಕೆ ಇಳಿದರೆ ವ್ಯತ್ಯಾಸ 200°! ತಾಪಮಾಪಕ ತೋರಿಸುವುದು ನಡುವಿನ ಎಣ್ಣೆಯ ತಾಪವನ್ನು. ಗೋಡೆಯ ಬಳಿ ಎಣ್ಣೆ ಒಡೆದು ಇಂಗಾಲವಾಗಿ ಅಂಟಿಕೊಳ್ಳುತ್ತಿರುವುದು ಅದಕ್ಕೆ ತಿಳಿಯದು. ಆ ಇಂಗಾಲದ ಪದರ ಉಷ್ಣವನ್ನು ತಡೆದು ಕೊಳವೆಯನ್ನೇ ಸುಡುತ್ತದೆ.

ಆದ್ದರಿಂದ ಮೊದಲು ತಗ್ಗಿನ ಕವಾಟಗಳಿಂದ ನೀರು ಬಸಿಯಬೇಕು. ಮೇಲ್ತೊಟ್ಟಿಯನ್ನು ತುಂಬಿಸಿಡಬಾರದು. ಎಣ್ಣೆ ಪ್ರತಿ 100°ಗೆ ಶೇಕಡ 8ರಷ್ಟು ಹಿಗ್ಗುವುದರಿಂದ, 20ರಿಂದ 220°ಗೆ ಏರಿದಾಗ 2,000 ಲೀಟರಿಗೆ ಸುಮಾರು 320 ಲೀಟರ್ ಜಾಗ ಬೇಕು. ನಂತರ ಪಂಪು, ಆಮೇಲೆ ಬೆಂಕಿ. ಈ ಕ್ರಮ ಎಂದೂ ತಿರುವುಮುರುವಾಗಬಾರದು. ಹರಿವು ಸ್ಥಿರವಾದ ಮೇಲೆ ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಿ, 100–120° ಸುಮಾರಿಗೆ ತಡೆದು ನಿಲ್ಲಿಸಬೇಕು. ಪಂಪಿನ ಒತ್ತಡಮಾಪಕದ ಮುಳ್ಳು ಅಲುಗಾಡುತ್ತಿದ್ದರೆ, ಕೊಳವೆಯಲ್ಲಿ ಗಡಗಡ ಸದ್ದಿದ್ದರೆ ನೀರು ಇನ್ನೂ ಇದೆ. ಮೇಲ್ತೊಟ್ಟಿಯಿಂದ ಆವಿ ಬರುವುದು ನಿಂತು, ಮುಳ್ಳು ಸ್ಥಿರವಾಗುವವರೆಗೆ ಗಂಟೆಗಟ್ಟಲೆ ಕಾಯಬೇಕಾದೀತು. ಗುತ್ತಿಗೆದಾರರಿಗೆ ಅವಸರವಿರುವುದೂ ಇಲ್ಲಿಯೇ.

ನಿಲ್ಲಿಸುವಾಗ ಕ್ರಮ ತಿರುಗುತ್ತದೆ: ಬೆಂಕಿ ಮೊದಲು, ಒಲೆ ತಣಿದ ಮೇಲೆ ಪಂಪು. ಡೀಸೆಲ್ ಉರಿ ಸ್ವಿಚ್ ಒತ್ತಿದೊಡನೆ ಆರುತ್ತದೆ. ಸೌದೆಯ ಒಲೆ ಹಾಗಲ್ಲ, ಕರೆಂಟು ಹೋದರೂ ಕೆಂಡ ಕಾಯಿಸುತ್ತಲೇ ಇರುತ್ತದೆ. ಅಂಥ ಘಟಕಗಳಲ್ಲಿ ಪಂಪನ್ನು ತಕ್ಷಣ ನಡೆಸುವ ಜನರೇಟರ್ ಸಿದ್ಧವಿದೆಯೇ ಎಂಬುದನ್ನು ಬೆಂಕಿ ಹಚ್ಚುವ ಮೊದಲೇ ಚಾಲೂ ಮಾಡಿ ನೋಡಿಕೊಳ್ಳುತ್ತಾರೆ.