ಕೂಡಿ ಉಣ್ಣೋಣ

ಹಲಸೂರಿನ ನಮ್ಮ ಮನೆಗಳಲ್ಲಿ ರಾತ್ರಿ ಮುದ್ದೆ, ಸೊಪ್ಪಿನ ಸಾರು ಆದರೆ ಏನು ಖುಷಿ! ಮಕ್ಕಳು ಮುದ್ದೆ ಮುರಿದು, ಸಾರಿಗೆ ಅದ್ದಿ ನುಂಗುತ್ತವೆ. ಯಾರ ತುತ್ತು ದೊಡ್ಡದು ಅಂತ ನಗು.

ಬಡಿಸುವ ನಾವು? ನಮ್ಮದು ಕೊನೆ ಊಟ. ಆಗ ಪಾತ್ರೆಯಲ್ಲಿ ಸೊಪ್ಪು ಇರೋದಿಲ್ಲ, ಬರೀ ತಿಳಿ.

ರಕ್ತ ಆಗಲು ಕಬ್ಬಿಣದ ಅಂಶ ಬೇಕು. ಅದು ಸೊಪ್ಪು, ಕಾಳಿನಲ್ಲಿ ಇದೆ. 2019–21ರ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಜನಕ್ಕೆ ರಕ್ತ ಕಡಿಮೆ ಇತ್ತು. ಸುಸ್ತು, ತಲೆಸುತ್ತು, ಏದುಸಿರು ಇದರಿಂದಲೂ ಬರುತ್ತವೆ. ಹಾಗಿದ್ದರೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸೋಣ.

ಸಾರಿಗೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಉಂಡ ಕೂಡಲೇ ಟೀ ಬೇಡ, ಅದು ತಡೆಯುತ್ತದೆ.

ಇನ್ನು ಪಾತ್ರೆ ನಡುವೆ ಇಟ್ಟು ಎಲ್ಲರೂ ಒಟ್ಟಿಗೆ ಕೂರೋಣ. ಯಜಮಾನರೂ ನಮಗೆ ಒಂದು ಸೌಟು ಬಡಿಸಲಿ. ಕೈಯೇನೂ ಸವೆಯೋದಿಲ್ಲ!