ಕೇಳುವುದಕ್ಕೂ ಒಂದು ಕ್ರಮವಿದೆ

ಮೈಸೂರಿನಿಂದ ಚಾಮರಾಜನಗರಕ್ಕೆ ಹೊರಟ ಪ್ಯಾಸೆಂಜರ್ ರೈಲು ಮೊದಲು ನಿಲ್ಲುವುದು ಚಾಮರಾಜಪುರಂನಲ್ಲಿ. ಅಂಥ ಪುಟ್ಟ ನಿಲ್ದಾಣದ ಬೆಂಚಿನ ಮೇಲೆ ಹದಿನೈದರ ಹುಡುಗಿಯೊಬ್ಬಳು ಒಂಟಿಯಾಗಿ ಕೂತಿದ್ದಾಳೆ, ಮನೆಗೆ ಹೋಗಲು ಅವಳಿಗೆ ಭಯ ಎಂದಿಟ್ಟುಕೊಳ್ಳಿ. ಕಂಡವರು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ಒಂದು ಸೂಕ್ಷ್ಮ ಕೆಲಸ ಶುರುವಾಗುತ್ತದೆ.

2015ರ ಬಾಲನ್ಯಾಯ ಕಾಯ್ದೆಯಂತೆ, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಅವಳನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆತರಬೇಕು. ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಈ ಸಮಿತಿಗೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ಮನೆ ಸುರಕ್ಷಿತವಲ್ಲ ಎನಿಸಿದರೆ ಅದು ಅವಳನ್ನು ಬಾಲಮಂದಿರಕ್ಕೋ ನೋಂದಾಯಿತ ಸಂಸ್ಥೆಗೋ ಒಪ್ಪಿಸುತ್ತದೆ. ಮೈಸೂರಿಗೆ ಈ ಆಸರೆಯ ಕೆಲಸ ಹೊಸದಲ್ಲ. ಪತ್ರಕರ್ತರಾಗಿದ್ದ ಸ್ಟ್ಯಾನ್ಲಿ ಮತ್ತು ಪರಶುರಾಂ ಕಟ್ಟಿದ ‘ಒಡನಾಡಿ’ ಮೂರು ದಶಕಗಳಿಂದ ಮಾನವ ಸಾಗಣೆಗೆ ಸಿಕ್ಕ ಹೆಣ್ಣುಮಕ್ಕಳ ಜೊತೆ ನಿಂತಿದೆ. ಪಾರ್ವತಮ್ಮ ರಾಜ್‌ಕುಮಾರ್ ಪೋಷಿಸಿದ ‘ಶಕ್ತಿಧಾಮ’ವೂ ಇದೇ ಊರಿನದು.

ಇನ್ನು ಆಪ್ತ ಸಮಾಲೋಚಕಿ, ಅಂದರೆ ನೊಂದವರ ಮಾತಿಗೆ ಕಿವಿಯಾಗಲು ತರಬೇತಿ ಪಡೆದವಳು. ಮೊದಲ ದಿನ ಅವಳು ಕೇಳುವುದು ಕಡಿಮೆ, ತಿಳಿಸುವುದು ಹೆಚ್ಚು: ಇದು ಯಾವ ಜಾಗ, ಇಲ್ಲಿ ಯಾರ್‍ಯಾರಿದ್ದಾರೆ, ನಾಳೆ ಏನಾಗುತ್ತದೆ. ಊಟ, ಸ್ನಾನ, ಬದಲಿ ಬಟ್ಟೆ, ನಿದ್ದೆ ಮುಗಿಯಲಿ, ನಡೆದದ್ದು ಆಮೇಲೆ. ಹುಡುಗಿ ಸುಮ್ಮನಿದ್ದರೆ ತಾನೂ ಸುಮ್ಮನಿರುತ್ತಾಳೆ. ಆ ಮೌನವನ್ನು ತಾಳಿಕೊಳ್ಳುವುದು ವರ್ಷಗಟ್ಟಲೆ ಪಳಗಿ ಬರುವ ವಿದ್ಯೆ. ‘ಯಾಕೆ ಮನೆ ಬಿಟ್ಟೆ?’ ಎಂದರೆ ತಪ್ಪು ಹೊರಿಸಿದಂತಾಗುತ್ತದೆ, ‘ಅವತ್ತು ಏನಾಯ್ತು?’ ಎಂದರೆ ಹೇಳಿಕೊಳ್ಳಲು ದಾರಿ ಸಿಗುತ್ತದೆ. ಉತ್ತರವನ್ನು ತಾನೇ ಅವಳ ಬಾಯಿಗೆ ಇಡುವಂತಿಲ್ಲ, ಆ ಮಾತು ಮುಂದೆ ನ್ಯಾಯಾಲಯದಲ್ಲಿ ಸಾಕ್ಷ್ಯವಾದೀತು. ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡುವಂತೆಯೂ ಇಲ್ಲ. ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸಲೇಬೇಕು. ಇದನ್ನು ಮುಂಚೆಯೇ ಹೇಳಿ, ಹೇಳಿದ ಮೇಲೂ ಹುಡುಗಿಯ ನಂಬಿಕೆ ಉಳಿಸಿಕೊಳ್ಳುವುದಿದೆಯಲ್ಲ, ನನಗೆ ಅತಿ ದೊಡ್ಡ ಕೌಶಲವಾಗಿ ಕಾಣುವುದು ಅದೇ. ಹೇಳಿಕೆ ಬರೆದುಕೊಳ್ಳುವ ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿ ಇರಕೂಡದೆಂದು ಕಾಯ್ದೆಯೇ ಹೇಳುತ್ತದೆ.

ಅತ್ತ ಸಮಾಜ ಕಾರ್ಯಕರ್ತರು ಅವಳ ಮನೆ, ಶಾಲೆ, ನೆರೆಹೊರೆ ನೋಡಿಬಂದು 15 ದಿನದೊಳಗೆ ಸಾಮಾಜಿಕ ತನಿಖಾ ವರದಿ ಸಿದ್ಧಪಡಿಸುತ್ತಾರೆ. ಬಿಟ್ಟುಹೋದ ಪರೀಕ್ಷೆ, ಚಿಕಿತ್ಸೆ, ತಾಯಿಯೊಂದಿಗಿನ ಮಾತುಕತೆ ಎಲ್ಲವೂ ಅವಳಿಗೆಂದೇ ಬರೆದ ಆರೈಕೆ ಯೋಜನೆಯಲ್ಲಿ ಸೇರುತ್ತವೆ. ಅವಳ ಹೆಸರು, ಚಿತ್ರ, ಶಾಲೆ ಯಾವುದೂ ಪತ್ರಿಕೆಯಲ್ಲಿ ಬರುವಂತಿಲ್ಲ. ಮನೆಗೆ ಮರಳಬೇಕೋ ಬೇಡವೋ ಎಂದು ಸಮಿತಿ ತೀರ್ಮಾನಿಸುವ ಮುನ್ನ ಅವಳ ಇಚ್ಛೆಯನ್ನೂ ಕೇಳಬೇಕು. ಅಷ್ಟು ದಿನ ಸಮಾಲೋಚಕಿ ಅವಳನ್ನು ಅಣಿಗೊಳಿಸಿರುವುದು ಆ ಉತ್ತರವನ್ನು ಅವಳೇ ಕೊಡಲೆಂದು.