ನಿಮಗಿದು ಗೊತ್ತೇ? ಮೆದುಳಿನ ನೀರು ಸೋರದಂತೆ ತಡೆಯುವ ಬಗೆ

◆ ಮೆದುಳು, ಬೆನ್ನುಹುರಿಗಳ ಸುತ್ತ ತಿಳಿನೀರಿನಂಥ ದ್ರವವೊಂದು ಸದಾ ಹರಿದಾಡುತ್ತಿರುತ್ತದೆ. ವೈದ್ಯರು ಅದನ್ನು ಸಿಎಸ್‌ಎಫ್ ಎನ್ನುತ್ತಾರೆ. ದೊಡ್ಡವರಲ್ಲಿ ಒಂದು ಹೊತ್ತಿಗೆ ಇರುವುದು ಸುಮಾರು 150 ಮಿಲಿಲೀಟರ್. ಆದರೆ ದಿನಕ್ಕೆ ಉತ್ಪತ್ತಿಯಾಗುವುದು ಹತ್ತಿರ ಹತ್ತಿರ ಅರ್ಧ ಲೀಟರ್! ಹಾಗಾಗಿ ಮೆದುಳಿನ ಶಸ್ತ್ರಚಿಕಿತ್ಸೆಯ ನಂತರ ಅದರ ಪೊರೆಯಲ್ಲಿ ಎಲ್ಲಾದರೂ ಸಂದು ಉಳಿದರೆ, ಇದ್ದದ್ದೆಲ್ಲ ಖಾಲಿಯಾಗಿ ಸೋರಿಕೆ ತಾನಾಗಿ ನಿಂತೀತು ಎಂದು ಕಾಯುವಂತಿಲ್ಲ.

◆ ನಿಜವಾದ ಭಯ ದ್ರವ ಹೋಗುವುದರದ್ದಲ್ಲ. ಅದು ಹೊರಬಂದ ದಾರಿಯಲ್ಲೇ ರೋಗಾಣು ಒಳಹೊಕ್ಕರೆ ಮೆನಿಂಜೈಟಿಸ್, ಅಂದರೆ ಮೆದುಳುಪೊರೆಯ ಸೋಂಕು, ಆಗಬಹುದು.

◆ ಮೆದುಳಿನ ಹೊರಪೊರೆಗೆ ಡ್ಯೂರಾ ಎಂದು ಹೆಸರು. ಗಡ್ಡೆ ತೆಗೆಯಲು ಕತ್ತರಿಸಿದ ಮೇಲೆ ಅದನ್ನು ನೀರೂ ಜಿನುಗದಂತೆ ಹೊಲಿಯಬೇಕು. ಪೊರೆ ಸಾಲದಿದ್ದರೆ ರೋಗಿಯ ತೊಡೆಯ ಸ್ನಾಯುಪೊರೆಯನ್ನೋ ತಲೆಬುರುಡೆಯ ಮೇಲಿನ ತೆಳುಪೊರೆಯನ್ನೋ ತೇಪೆಯಾಗಿ ಹಾಕುತ್ತಾರೆ. 1926ರಲ್ಲೇ ಅಮೆರಿಕದ ವಾಲ್ಟರ್ ಡ್ಯಾಂಡಿ ತೊಡೆಯ ಪೊರೆಯಿಂದ ಇಂಥ ಸೋರಿಕೆ ಮುಚ್ಚಿದ್ದರು. ಸೂಜಿ ಚುಚ್ಚಿದ ತೂತುಗಳಲ್ಲೂ ದ್ರವ ಜಿನುಗಬಹುದು. ಅದಕ್ಕೇ ಹೊಲಿಗೆಯ ಮೇಲೆ ಫೈಬ್ರಿನ್ ಅಂಟು ಬಳಿಯುವುದುಂಟು.

◆ ಒಂದು ಕಾಲದಲ್ಲಿ ಮೃತರ ಡ್ಯೂರಾವನ್ನು ಸಂಸ್ಕರಿಸಿ ತೇಪೆಗೆ ಬಳಸುತ್ತಿದ್ದರು. ಜರ್ಮನಿಯಲ್ಲಿ ತಯಾರಾಗುತ್ತಿದ್ದ ‘ಲಯೋಡ್ಯೂರಾ’ದ ಮೂಲಕ ಮದ್ದಿಲ್ಲದ ಕ್ರಾಯ್ಟ್ಸ್‌ಫೆಲ್ಟ್-ಯಾಕೊಬ್ ಕಾಯಿಲೆ ಹರಡಿದ್ದು 1987ರಲ್ಲಿ ಬೆಳಕಿಗೆ ಬಂತು. ಜಪಾನೊಂದರಲ್ಲೇ ನೂರೈವತ್ತಕ್ಕೂ ಹೆಚ್ಚು ಮಂದಿ ಅದಕ್ಕೆ ತುತ್ತಾದರು. ಕೆಲವರಲ್ಲಿ ರೋಗ ಕಾಣಿಸಿಕೊಳ್ಳುವ ಹೊತ್ತಿಗೆ ದಶಕಗಳೇ ಕಳೆದಿದ್ದವು. ಸೋರಿಕೆ ತಡೆಯಲೆಂದು ಹಾಕಿದ ತೇಪೆಯೇ ಜೀವ ತೆಗೆದ ಈ ದುರಂತವನ್ನು ವೈದ್ಯಲೋಕ ಎಂದೂ ಮರೆಯಬಾರದು.

◆ ಕಿವಿಯ ಹಿಂಭಾಗದಲ್ಲಿ ಶಸ್ತ್ರಚಿಕಿತ್ಸೆ, ನೀರು ಬರುವುದು ಮೂಗಿನಲ್ಲಿ! ಅಲ್ಲಿನ ಮೂಳೆಯಲ್ಲಿ ಗಾಳಿ ತುಂಬಿದ ಪುಟ್ಟ ಗೂಡುಗಳಿವೆ. ಅವು ತೆರೆದುಕೊಂಡರೆ ದ್ರವ ನಡುಕಿವಿಗೆ ಇಳಿದು, ಅಲ್ಲಿಂದ ಕೊಳವೆಯ ಮೂಲಕ ಮೂಗಿನ ಹಿಂಭಾಗ ಸೇರುತ್ತದೆ. ಆದ್ದರಿಂದಲೇ ಆ ಗೂಡುಗಳಿಗೆ ಒಂದನ್ನೂ ಬಿಡದೆ ಮೇಣ ಮೆತ್ತುತ್ತಾರೆ.

◆ ಮೂಗಿನ ದಾರಿಯಲ್ಲೇ ಎಂಡೋಸ್ಕೋಪ್ ತೂರಿಸಿ ಮೆದುಳಿನ ತಳದ ಗಡ್ಡೆ ತೆಗೆಯುವುದು ಈಗ ಮಾಮೂಲು. ಆದರೆ ಅಲ್ಲಾಗುವ ದೊಡ್ಡ ತೂತನ್ನು ಮುಚ್ಚುವುದು ಬಹುಕಾಲ ತಲೆನೋವಾಗಿತ್ತು. ಅರ್ಜೆಂಟೀನಾದ ಹದಾದ್ ಮತ್ತು ಬಸಾಗಸ್ತೇಗಿ ಇದಕ್ಕೊಂದು ಉಪಾಯ ಕಂಡುಕೊಂಡರು: ಮೂಗಿನ ನಡುಗೋಡೆಯ ಒಳಪದರವನ್ನು ಅದರ ರಕ್ತನಾಳದ ಸಮೇತ ಎಬ್ಬಿಸಿ, ತಿರುಗಿಸಿ, ತೂತಿನ ಮೇಲೆ ಹಾಸುವುದು. ರಕ್ತ ಹರಿಯುತ್ತಲೇ ಇರುವುದರಿಂದ ತೇಪೆ ಬೇಗ ಕೂಡಿಕೊಳ್ಳುತ್ತದೆ. 2006ರಲ್ಲಿ ಇದು ಪ್ರಕಟವಾದ ಮೇಲೆ ಇಂಥ ಶಸ್ತ್ರಚಿಕಿತ್ಸೆಗಳಲ್ಲಿ ಸೋರಿಕೆ ಬಹಳ ಇಳಿಯಿತು. ಈ ಕ್ಷೇತ್ರದಲ್ಲಿ ಇದಕ್ಕಿಂತ ಸೊಗಸಾದ ಉಪಾಯ ನನಗೆ ಕಂಡಿಲ್ಲ.

◆ ಸೊಂಟದಲ್ಲಿ ಸಣ್ಣ ನಳಿಕೆಯಿಟ್ಟು ಕೆಲದಿನ ದ್ರವ ಬಸಿದರೆ ತೇಪೆಯ ಮೇಲಿನ ಒತ್ತಡ ತಗ್ಗುತ್ತದೆ. ಪಿಟ್ಸ್‌ಬರ್ಗ್‌ನಲ್ಲಿ, ಸೋರುವ ಸಂಭವ ಹೆಚ್ಚಿದ್ದ 170 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ ನಳಿಕೆಯಿಲ್ಲದವರಲ್ಲಿ ಶೇ. 21ರಷ್ಟು, ಇದ್ದವರಲ್ಲಿ ಶೇ. 8ರಷ್ಟು ಮಂದಿಗೆ ಸೋರಿಕೆಯಾಯಿತು. ಎಲ್ಲರಿಗೂ ಇದು ಬೇಕಿಲ್ಲ.

◆ ಮುಕ್ಕಿದಾಗ, ಕೆಮ್ಮಿದಾಗ ತಲೆಯೊಳಗಿನ ಒತ್ತಡ ತಟ್ಟನೆ ಏರುತ್ತದೆ. ಮಲ ಸಡಿಲವಾಗುವ ಔಷಧಿ ಬರೆದುಕೊಡುವುದು ಅದಕ್ಕೇ, ಬೇಡವೆಂದು ಬಿಟ್ಟುಬಿಡಬೇಡಿ. ಮೂಗಿನ ಮೂಲಕ ಶಸ್ತ್ರಚಿಕಿತ್ಸೆಯಾದವರು ಜೋರಾಗಿ ಗಾಳಿ ಬಿಟ್ಟು ಮೂಗು ಸ್ವಚ್ಛ ಮಾಡಿಕೊಳ್ಳಬಾರದು. ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಬಗ್ಗಿ ಬಿಂದಿಗೆ ಎತ್ತುವುದು, ಮಗುವನ್ನು ಎತ್ತಿಕೊಳ್ಳುವುದು ವೈದ್ಯರು ಸರಿ ಎನ್ನುವವರೆಗೆ ಬೇಡ. ಇದನ್ನು ಮನೆಯವರು ರೋಗಿಗಿಂತ ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು.

◆ ನೆಗಡಿಯೋ ಸೋರಿಕೆಯೋ? ಮುಂದಕ್ಕೆ ಬಾಗಿದಾಗ ಒಂದೇ ಹೊಳ್ಳೆಯಿಂದ ನೀರು ತೊಟ್ಟಿಕ್ಕಿದರೆ, ಗಂಟಲಲ್ಲಿ ಉಪ್ಪುಪ್ಪು ನೀರು ಇಳಿದಂತಾದರೆ ಅನುಮಾನಿಸಿ. ಬೀಟಾ-2 ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ಸಿಂಬಳದಲ್ಲಿರುವುದಿಲ್ಲ, ಈ ದ್ರವದಲ್ಲಿರುತ್ತದೆ. ಹಾಗಾಗಿ ಕೆಲವೇ ಹನಿಗಳಲ್ಲಿ ಲ್ಯಾಬಿನವರು ಪತ್ತೆಹಚ್ಚಬಲ್ಲರು. ಮೂಗಿಗೆ ಹತ್ತಿ ತುರುಕಬೇಡಿ. ಶಸ್ತ್ರಚಿಕಿತ್ಸೆಯಾದ ಆಸ್ಪತ್ರೆಗೆ ಅಂದೇ ಹೋಗಿ. ಜೊತೆಗೆ ಜ್ವರ, ಕತ್ತು ಬಿಗಿತ, ಮಂಪರು ಇದ್ದರೆ ಬೆಳಗಾಗಲೆಂದೂ ಕಾಯಬೇಡಿ.